ಮಾತಿಲ್ಲದ ಟ್ಯೂನಿಂಗ್

ರೇವಪ್ಪನ ಕಾಂಟೆಸ್ಸಾ ಗ್ಯಾರೇಜಿಗೆ ಬಂದಾಗಿನಿಂದ ಬಂದೇನವಾಜ ಮಿಸ್ತ್ರಿಗೆ ಉಂಡ ಅನ್ನ ಮೈಗೆ ಹತ್ತಿರಲಿಲ್ಲ. ಕನ್ನೊಳ್ಳಿಯ ರೇವಪ್ಪನಿಗೆ ಹಳೆಯ ಕಾರುಗಳ ಹುಚ್ಚು. ಎಲ್ಲಿಂದಲೋ ಈ ಕಾಂಟೆಸ್ಸಾ ಎಳೆದು ತಂದಿದ್ದ. ಒಂದು ಕಾಲಕ್ಕೆ ಹೆದ್ದಾರಿಯಲ್ಲಿ ಇದು ಹಿಂದಿನಿಂದ ಬರುತ್ತಿದೆ ಅಂದರೆ ಮುಂದಿನವರು ಮರ್ಯಾದೆಯಿಂದ ಬದಿಗೆ ಸರಿಯುತ್ತಿದ್ದರು, ಅಂಥ ಪಿಕಪ್ಪು. ಈಗ ನೋಡಿದರೆ ಕರಿ ಹೊಗೆ ಉಗುಳುತ್ತಿತ್ತು, ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುತ್ತಿತ್ತು, ಬಿಸಿಯಾದರೆ ನಿಂತಲ್ಲೇ ನಿಲ್ಲುತ್ತಿತ್ತು. ಬಂದೇನವಾಜ ಕಾರ್ಬುರೇಟರ್ ಬಿಚ್ಚಿದ, ಪೆಟ್ರೋಲಿನಲ್ಲಿ ತೊಳೆದ, ಜೆಟ್ಟುಗಳಿಗೆ ಗಾಳಿ ಹೊಡೆದ, ಫ್ಲೋಟಿನ ಮಟ್ಟ ಸರಿಮಾಡಿ ಮತ್ತೆ ಕೂರಿಸಿದ. ಏನು ಮಾಡಿದರೂ ಅದರ ಹಾಡು ಅದೇ.

ಇದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಅಪ್ಪ ಯಾಕೂಬಸಾಬ ಮಿಸ್ತ್ರಿ ಇಬ್ಬರು ಮಕ್ಕಳಿಗೆ ವಿದ್ಯೆಯನ್ನು ಅರ್ಧರ್ಧ ಹಂಚಿ ಹೋಗಿದ್ದ. ದೊಡ್ಡವ ಬಂದೇನವಾಜ ಮುಂದೆ ನಿಂತು ಕಾರ್ಬುರೇಟರಿನ ಸ್ಕ್ರೂ ತಿರುಗಿಸಬೇಕು. ಚಿಕ್ಕವ ಯಾಸೀನ ಹಿಂದೆ ಕುಕ್ಕರಗಾಲಲ್ಲಿ ಕೂತು, ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿ, ಹೊಗೆಯ ಬಡಿತ ನೋಡಿ, ವಾಸನೆ ಹಿಡಿದು, “ಹಾಕ”, “ಬಿಡ” ಎಂದು ಕೂಗಬೇಕು. ಪೆಟ್ರೋಲು ಹೆಚ್ಚೋ, ಗಾಳಿ ಹೆಚ್ಚೋ ಎಂಬುದನ್ನು ಯಾಸೀನನ ಅಂಗೈ ಹೇಳುತ್ತಿತ್ತು. ಇಬ್ಬರೂ ಸೇರಿ ಹೀಗೆ ಹದಮಾಡಿ ಕೂರಿಸಿದ ಇಂಜಿನ್ನು ಸಿಂದಗಿ, ಇಂಡಿ ಕಡೆ ಯಾವ ರಸ್ತೆಯಲ್ಲಿ ಹೋದರೂ ಜನ ಸದ್ದಿನಿಂದಲೇ ಗುರುತು ಹಿಡಿಯುತ್ತಿದ್ದರು.

ಆದರೆ ಇಬ್ಬರ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ಅಪ್ಪ ತೀರಿಕೊಂಡಾಗ ಕಡು ಬೇಸಿಗೆ. ಹಿರಿಯರು, ಮಣ್ಣು ಬೇಗ ಮಾಡಿಬಿಡು ಎಂದರು. ಬಂದೇನವಾಜ ಹೂಂ ಎಂದ. ಕೆಲಸದ ಮೇಲೆ ಮುದ್ದೇಬಿಹಾಳಕ್ಕೆ ಹೋಗಿ ಅಲ್ಲಿಂದ ಹೊರಟಿದ್ದ ಯಾಸೀನನ ಬಸ್ಸು ಬಸವನ ಬಾಗೇವಾಡಿಯ ಹತ್ತಿರ ಕೆಟ್ಟು ನಿಂತಿತ್ತು. ಅವನು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. “ಅಪ್ಪನ ಮುಖಾ ಸೈತ ನೋಡಗೊಡ್ಲಿಲ್ಲ ನೀ,” ಎಂದವನು ಅಂದೇ ನಟ್ಟು ತಿರುಗಿಸುವ ತನ್ನ ಪಾನಾಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಕೊಂಡು ಹೋದ. ಬಂದೇನವಾಜನಾದರೂ ತಪ್ಪಾಯಿತು ತಮ್ಮಾ ಎನ್ನಬಾರದಿತ್ತೇ? ಎನ್ನಲಿಲ್ಲ. ಚಿಕ್ಕವನು, ಅವನೇ ಮೊದಲು ಬರಲಿ ಎಂದು ಕೂತ. ಬೆಂಕಿ ಬೀಳಲಿ ಅಂಥ ಹಟಕ್ಕೆ.

ಕಾಂಟೆಸ್ಸಾದ ಮುಂದೆ ಸೋತು ಹೋದ ಮೇಲೆ ಬಂದೇನವಾಜ ತಾಯಿ ರಾಜಬಿಯ ಮುಂದೆ ಹೋಗಿ ನಿಂತ.

“ಯಾಸೀನಗ ಒಂದೀಟ ಬಂದ್ ಹೋಗಂತ ಹೇಳ ಬೇ. ಗಾಡಿ ಕೂಡವಲ್ದು.”

“ಯಾಕ, ನಿನಗ ಬಾಯಿಲ್ಲೇನು? ನನ್ನ ಬಾಯಿ ಬಾಡಿಗಿ ತಗೊಳ್ಳಾಕ ಬಂದಿಯೇನು?” ಎಂದು ರಾಜಬಿ ಗದರಿದಳು. ಗದರಿದರೂ ಒಳಗೊಳಗೇ ಹಿಗ್ಗಿದಳು. ಮಕ್ಕಳಿಬ್ಬರು ಮಾತಾಡುವುದನ್ನು ನೋಡಿಯೇ ಕಣ್ಣು ಮುಚ್ಚಬೇಕು ಎನ್ನುವುದೊಂದೇ ಆಕೆಯ ಆಸೆ. ಅವನು ಹೊರಬೀಳುತ್ತಲೇ ಫೋನು ಕೈಗೆತ್ತಿಕೊಂಡಳು.

ಮರುದಿನ ಯಾಸೀನ ಬಂದ. ಅಣ್ಣನ ಮುಖ ನೋಡಲಿಲ್ಲ, ಸಲಾಂ ಹೇಳಲಿಲ್ಲ, ನೆಟ್ಟಗೆ ಕಾರಿನ ಹಿಂದೆ ಹೋಗಿ ಕೂತ. ಆ ಗ್ಯಾರೇಜು ಹಿಂದೆ ಜೋಳದ ಗೋದಾಮು ಆಗಿದ್ದದ್ದು. ಮೂರು ಕಡೆ ಬರೀ ಗೋಡೆ, ಮುಂದೆ ಒಂದು ಶಟರು. ಕಾರಿನ ಮೂತಿ ಬಾಗಿಲ ಕಡೆಗಿತ್ತು, ಸೈಲೆನ್ಸರು ಹಿಂದಿನ ಗೋಡೆಯ ಕಡೆಗೆ. ಬಂದೇನವಾಜ ಇಂಜಿನ್ ಚಾಲೂ ಮಾಡಿ, ಬಿಸಿಯಾಗಲು ಬಿಟ್ಟು, ಸ್ಕ್ರೂಡ್ರೈವರ್ ಹಿಡಿದು ನಿಂತ. ಹಿಂದಿನಿಂದ “ಹಾಕ” ಎಂಬ ಕೂಗು ಬರುತ್ತದೆಂದು ಕಾದ. ಬರಲಿಲ್ಲ. ಅದರ ಬದಲು ಯಾಸೀನ ಪಾನಾದಿಂದ ಡಿಕ್ಕಿಯ ಮೇಲೆ ಟಕ್ ಎಂದು ಒಂದು ಸಲ ಬಡಿದ. ಬಂದೇನವಾಜ ಸ್ಕ್ರೂ ಬಿಗಿ ಮಾಡಿದ. ಟಕ್ ಟಕ್ ಎಂದು ಎರಡು ಸಲ ಬಡಿದಾಗ ಸಡಿಲ ಮಾಡಿದ. ಓಹೋ, ಹೀಗೋ, ಆಗಲಿ ಎಂದುಕೊಂಡ.

ಕೆಲಸ ಮಾತ್ರ ಸಾಗಿತು. ಕೈಗಳು ಹಳೆಯದನ್ನು ಮರೆತಿರಲಿಲ್ಲ. ಮಧ್ಯಾಹ್ನ ರಾಜಬಿ ಬೇಕೆಂದೇ ಒಂದೇ ಡಬ್ಬಿ ಕಳಿಸಿದಳು. ಒಂದೇ ಡಬ್ಬಿಯಲ್ಲಿ ಕೈ ಹಾಕಿದರೆ ಬಾಯಿ ಬಿಟ್ಟೇ ಬಿಡುತ್ತಾರೆ ಎಂದು ಮುದುಕಿಯ ಲೆಕ್ಕ. ಇಬ್ಬರೂ ಟಯರಿನ ಮೇಲೆ ಕೂತು, ರೊಟ್ಟಿ ಮುರಿದು, ತುಟಿ ಪಿಟಕ್ಕೆನ್ನದೆ ಉಂಡರು. ಒಂದು ಗಳಿಗೆಯಲ್ಲಿ ಯಾಸೀನ ಎಣ್ಣೆಗಾಯಿ ಬದನೆಯನ್ನು ಅಣ್ಣನ ಕಡೆ ಸರಿಸಿದ. ಬಂದೇನವಾಜನಿಗೆ ಈಗ ಮಾತಾಡಿಸಿಬಿಡಲೇ ಎನಿಸಿತು. ಇಷ್ಟು ಸರಿದವನು ಇನ್ನೊಂದಿಷ್ಟು ಸರಿಯಲಿ, ಸಂಜೆಯೊಳಗೆ ತಾನೇ ಅಣ್ಣಾ ಎನ್ನುತ್ತಾನೆ ಎಂದು ನೀರು ಕುಡಿದು ಎದ್ದ.

ಊಟವಾದ ಮೇಲೆ ಇಂಜಿನ್ನು ದಾರಿಗೆ ಬಂತು. ಮುಗ್ಗರಿಸುವುದು ನಿಂತಿತು. ಹೊಗೆಯಲ್ಲಿ ಮಾತ್ರ ಇನ್ನೂ ಪೆಟ್ರೋಲಿನ ಘಾಟು ಇತ್ತು, ಇನ್ನೊಂದು ಕೂದಲೆಳೆಯಷ್ಟು ತಿರುವು ಬೇಕಿತ್ತು. ಅಷ್ಟರಲ್ಲಿ ಓಣಿಯ ತುದಿಯಿಂದ ಕಲ್ಮಾದ ದನಿ ಕೇಳಿಸಿತು. ಬಳೆ ಮಾರುತ್ತಿದ್ದ ಮುದುಕಿ ಬಿಬಿಜಾನಳ ಜನಾಜಾ ಬರುತ್ತಿತ್ತು.

ಹಿಂದೂಗಳ ಹೆಣವಿರಲಿ, ಮುಸಲ್ಮಾನರದಿರಲಿ, ಮುಂದೆ ಹಾಯ್ದು ಹೋಗುವ ತನಕ ಆ ಓಣಿಯ ಅಂಗಡಿಗಳೆಲ್ಲ ಶಟರು ಇಳಿಸುತ್ತವೆ. ಯಾರೂ ಹೇಳಿಕೊಡಬೇಕಾಗಿಲ್ಲ. ಕಿರಾಣಿಯವನು ಇಳಿಸಿದ, ಪಂಕ್ಚರಿನವನು ಇಳಿಸಿದ. ಬಂದೇನವಾಜ ಕೈಯೊರೆಸಿ ತಲೆಗೆ ಕರವಸ್ತ್ರ ಕಟ್ಟಿಕೊಂಡ. ನಾಲ್ಕು ಹೆಜ್ಜೆ ಹೆಗಲು ಕೊಟ್ಟು ಬಂದುಬಿಡುವುದು ಅವನ ಮನಸ್ಸು. ಇಂಜಿನ್ ಬಂದ್ ಮಾಡಲೆಂದು ಸ್ಟೇರಿಂಗಿನ ಕಡೆ ಒಂದು ಹೆಜ್ಜೆ ಇಟ್ಟ, ನಿಂತ. ಯಾಸೀನನೂ ಬರುತ್ತಾನೆ, ಬಿಬಿಜಾನ ಅವನನ್ನೂ ಎತ್ತಿ ಆಡಿಸಿದವಳು. ಬರುವಾಗ ಅವನೇ ಚಾವಿ ತಿರುಗಿಸುತ್ತಾನೆ. ಅಲ್ಲದೆ ತಾನೇ ಬಂದ್ ಮಾಡಿದರೆ, ಕೂತ ಇಂಜಿನ್ನು ಕೆಡಿಸಿದ ಎಂದು ಅವನು ಮತ್ತೆ ಮುಖ ಗಂಟಿಕ್ಕುತ್ತಾನೆ.

ತಿರುಗಿ ನೋಡಿದ. ಯಾಸೀನ ತಲೆ ಬಗ್ಗಿಸಿ ಅಂಗೈ ಒಡ್ಡಿ ಕೂತಿದ್ದ. “ಬಂದ್ ಮಾಡಿ ಬಾರೋ” ಎಂದರೆ ಮುಗಿದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಡಿಕ್ಕಿಯ ಮೇಲೆ ಬಡಿದು ಹೇಳೋಣವೆಂದರೆ ಈ ಮಾತಿಗೆ ಪಾನಾದಲ್ಲಿ ಸದ್ದಿರಲಿಲ್ಲ. ಜನಾಜಾ ಬಾಗಿಲಿಗೇ ಬಂದುಬಿಟ್ಟಿತು. ಬಂದೇನವಾಜ ಹೊರಗೆ ಹೋಗಿ ಶಟರು ಎಳೆದ. ಪೂರ್ತಿ ಎಳೆದ.

ನಾಲ್ಕು ಹೆಜ್ಜೆಯ ಬಳಿಕ ಬಿಡಬೇಕೆಂದರೆ ಹೆಗಲಿಗೆ ಬರುವವರೇ ಇರಲಿಲ್ಲ. ಬಿಬಿಜಾನಳಿಗೆ ಗಂಡುಮಕ್ಕಳಿಲ್ಲ, ಹೊತ್ತವರೆಲ್ಲ ಓಣಿಯವರೇ. “ಕಬರಸ್ತಾನದ ಮಟಾ ಬಾರಪಾ, ಬಿಟ್ಟ ಹೋಗಬ್ಯಾಡ,” ಎಂದ ಪಕ್ಕದಲ್ಲಿದ್ದ ಶಾನವಾಜ. ಗುಂಪಿನಲ್ಲಿ ಯಾಸೀನ ಕಾಣಲಿಲ್ಲ, ಶಟರು ಎತ್ತಿ ಕೆಲಸ ಮುಂದುವರಿಸಿರಬೇಕು ಎಂದುಕೊಂಡು ಬಂದೇನವಾಜ ಹೋದ. ದುವಾ ಮುಗಿಸಿ, ಮಣ್ಣು ಕೊಟ್ಟು, ಕೈ ತೊಳೆದ. ಹಿಂತಿರುಗುವಾಗ ಮನಸ್ಸು ಹಗುರಾಗಿತ್ತು. ಗೋರಿಗಳ ನಡುವೆ ನಿಂತು ಬಂದವನಿಗೆ ಯಾವ ಹಟ ಉಳಿಯುತ್ತದೆ? ಆಗಲಿ, ನಾನೇ ಮಾತಾಡಿಸುತ್ತೇನೆ, ನನ್ನ ದೊಡ್ಡಸ್ತಿಕೆಗೆ ಮಣ್ಣು ಬೀಳಲಿ ಎಂದು ಗಟ್ಟಿ ಮಾಡಿಕೊಂಡ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ. ಅಪ್ಪನ ವಿಷಯದಿಂದಲೇ ಶುರು ಮಾಡುವುದು ಎಂದುಕೊಂಡ.

ಓಣಿಯ ಅಂಗಡಿಗಳೆಲ್ಲ ಆಗಲೇ ತೆರೆದಿದ್ದವು. ಅವನ ಶಟರು ಮಾತ್ರ ಕೆಳಗಿತ್ತು. ಹತ್ತಿರ ಬಂದಾಗ ಒಳಗೆ ಇಂಜಿನ್ನಿನ ಸದ್ದು ಕೇಳಿತು. ಎಂಥ ಸದ್ದು! ಒಂದು ತೊದಲಿಲ್ಲ, ಒಂದು ನಡುಕವಿಲ್ಲ. ಭಲೇ ಯಾಸೀನ, ಒಬ್ಬನೇ ಕೂರಿಸಿಬಿಟ್ಟೆಯಲ್ಲೋ ಎಂದು ಅವನ ಮುಖ ಅರಳಿತು. ಆಮೇಲೆ ಶಟರಿನ ಕೆಳಗಿನ ಸಂದಿಯಿಂದ ಬರುತ್ತಿದ್ದ ಘಾಟು ಮೂಗಿಗೆ ಬಡಿಯಿತು, ಓಡಿದ.

“ಯಾಸೀನಾ! ಏ ಯಾಸೀನಾ! ಬಾರೋ ಹೊರಗ!”

ಶಟರು ಎತ್ತಿದ. ಯಾಸೀನ ಹಿಂದೆ ಇರಲಿಲ್ಲ. ಮುಂದೆ ಬಂದು, ಅಣ್ಣನ ಜಾಗದಲ್ಲಿ ನಿಂತು, ಉಳಿದ ತಿರುವನ್ನು ತಾನೇ ತಿರುಗಿಸಿದ್ದ. ಹಾಗೆಯೇ ಬಾನೆಟ್ಟಿನ ಅಂಚಿಗೆ ಎದೆಯಾನಿಸಿ ಬಾಗಿದ್ದ, ಸ್ಕ್ರೂಡ್ರೈವರು ನೆಲಕ್ಕೆ ಬಿದ್ದಿತ್ತು. ಬಂದೇನವಾಜ ಅವನನ್ನು ರಸ್ತೆಗೆ ಎಳೆದು ತಂದ. ಮುಖ ಬಿಸಿಲಲ್ಲಿ ನಡೆದು ಬಂದವನ ಹಾಗೆ ಕೆಂಪಗಿತ್ತು. ಎದೆ ಒತ್ತಿದ, ಕೆನ್ನೆ ಬಡಿದ, ಇದ್ದಬದ್ದ ಮಾತನ್ನೆಲ್ಲ ಆಡಿದ. ತಮ್ಮಾ ಎಂದ, ಬಂಗಾರ ಎಂದ, ತಪ್ಪಾಯ್ತೋ ಎಂದ. ಪಂಕ್ಚರಿನವನು ಆಟೋ ತಂದ. ಆಸ್ಪತ್ರೆಯಲ್ಲಿ ಡಾಕ್ಟರರು ನಾಡಿ ನೋಡಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಮುಚ್ಚಿದ ಜಾಗದಲ್ಲಿ ಹೊಗೆ ಕುಡಿದು ಹೋಗಿದ್ದಾನೆ ಎಂದು ತಲೆ ಅಲ್ಲಾಡಿಸಿದರು.

ಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ ಮಗನ ಪಕ್ಕದಲ್ಲಿ ರಾಜಬಿ ಕೂತಿದ್ದಳು. ಅಳುವ ಹೆಂಗಸರು ಸುತ್ತಲೂ ಇದ್ದರು, ಆಕೆ ಅಳಲಿಲ್ಲ. ಬಂದೇನವಾಜ ಹೊಸ್ತಿಲಲ್ಲಿ ನಿಂತದ್ದು ಕಂಡು ಹತ್ತಿರ ಕರೆದಳು.

“ನೀ ಹೊರಗ ಹೋಗಬೇಕಾದ್ರ ಗಾಡಿ ಚಾಲೂ ಇತ್ತೇನೋ?”

“ಇತ್ತ ಬೇ.”

“ಬಂದ್ ಮಾಡಂತ ಅಂವಗ ಹೇಳ್ಲಿಲ್ಲೇನು?”

ಅವನು ತಲೆ ಎತ್ತಲಿಲ್ಲ. “ಇಲ್ಲ ಬೇ.”

“ಯಾಕೋ?”

“ಅಂವಾ ಮೊದ್ಲ ಮಾತಾಡ್ಲಿ ಅಂತ ಸುಮ್ಕಿದ್ದೆ.”

ರಾಜಬಿ ಸತ್ತ ಮಗನ ಅಂಗೈ ಬಿಡಿಸಿ ಅದರ ಮಸಿಯನ್ನು ಸೆರಗಿನಿಂದ ಒರೆಸುತ್ತ, “ನಿನ್ನಿ ಫೋನಿನ್ಯಾಗ ಇವನೂ ಇದನ್ನೇ ಅಂದ,” ಎಂದಳು. ಮತ್ತೆ ಅವನ ಕಡೆ ತಿರುಗಲಿಲ್ಲ.