ಬಾಣಂತಿಯ ಬಿಳಿ ಪ್ಯಾಡು

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಚೆರ್ರಿ ಹಣ್ಣಿನ ಸುಗ್ಗಿಯಲ್ಲಿ, ಅಟ್ಲಾಸ್ ಬೆಟ್ಟದ ಮೇಲಿನ ಒಂದೂರಲ್ಲಿ ಇಟ್ಟೊ ಎಂಬ ಹುಡುಗಿ ಇದ್ದಳು. ಏಳು ತಲೆಯ ರಾಕ್ಷಸಿಯಾಗಲಿ ಹಾರುವ ಕುದುರೆಯಾಗಲಿ ಈ ಕಥೆಯಲ್ಲಿಲ್ಲ. ಆದರೆ ಕಥೆಯೊಳಗಿನ ಹುಡುಗಿಯರ ಹಾಗೆ ಇವಳೂ ಒಂದು ಮಾತು ಕೊಟ್ಟು ಸಿಕ್ಕಿಕೊಂಡಿದ್ದಳು.

ಮಾತು ಕೊಟ್ಟದ್ದು ಹೆರಿಗೆ ಮಾಡಿಸಿದ ನರ್ಸ್ ಬಹೀಜಾಗೆ. ಅಣ್ಣ ಕೆಳಗಿನ ಬಯಲಿಗೆ ಗೋಧಿ ಕೊಯ್ಲಿಗೆ ಹೋಗಿದ್ದ. ಅತ್ತಿಗೆ ತಮೂ ಹೆಣ್ಣುಮಗು ಹೆತ್ತು ಆಸ್ಪತ್ರೆಯಿಂದ ಹೊರಡುವಾಗ ಬಹೀಜಾ ಇಟ್ಟೊಳನ್ನು ಪಕ್ಕಕ್ಕೆ ಕರೆದಳು.

"ನಿಮ್ಮತ್ತಿಗೆಗೆ ಹೇಳೋಕೆ ನಾಚಿಕೆ, ನಿಮ್ಮವ್ವನಿಗೆ ಕೇಳೋಕೆ ನಾಚಿಕೆ. ನೀನು ನೋಡ್ಕೋ. ಬದಲಿಸಿದ ಪ್ಯಾಡನ್ನೆಲ್ಲ ಕಣ್ಣಾರೆ ನೋಡು. ದಪ್ಪ ಪ್ಯಾಡು ಒಂದು ಗಂಟೆಯೊಳಗೇ ಪೂರ್ತಿ ತೊಯ್ದುಹೋದರೆ ಕಾಯಬೇಡ, ಕರಕೊಂಡು ಬಾ. ರಕ್ತ ಕಮ್ಮಿ ಆಗೋವರೆಗೂ ಬಿಡಬಾರದು. ಆಯ್ತಾ?"

"ಆಯ್ತು," ಎಂದಿದ್ದಳು ಇಟ್ಟೊ.

ಮನೆಗೆ ಬಂದರೆ ನೋಡುವುದಕ್ಕೆ ಏನೂ ಇರಲಿಲ್ಲ. ಅವ್ವ ಹದ್ದಾ ತಿಂಗಳ ಮೊದಲೇ ಹಳೆಯ ಹತ್ತಿಬಟ್ಟೆ ಮಡಿಸಿ, ಹೊಲಿದು, ಕುದಿಸಿ ಒಗೆದು, ಬಿಸಿಲಿಗೆ ಒಣಗಿಸಿ ಗಂಟು ಕಟ್ಟಿಟ್ಟಿದ್ದಳು. ಕೆಲಸವೇನೋ ಅಚ್ಚುಕಟ್ಟು. ಬಟ್ಟೆ ಮಾತ್ರ ಕಾಡಿಗೆಗಪ್ಪು. ಬದಲಿಸಿದ್ದನ್ನು ಇಟ್ಟೊ ಕಿಟಕಿಯ ಬೆಳಕಿಗೆ ಹಿಡಿದರೂ ಒದ್ದೆ ಅನ್ನುವುದು ಬಿಟ್ಟು ಇನ್ನೇನೂ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಅವ್ವ ಕಸಿದುಕೊಂಡು ಬಕೆಟ್ಟಿಗೆ ಅದ್ದಿಬಿಡುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ತಮೂ ಹಾಸಿಗೆಯಿಂದೆದ್ದವಳು ಗೋಡೆ ಹಿಡಿದು ಹಾಗೇ ನಿಂತುಬಿಟ್ಟಳು.

"ಅವ್ವಾ, ಅತ್ತಿಗೆ ಬಿಳುಚಿಕೊಂಡಿದಾಳೆ."

"ಹೆತ್ತೋಳು ಬಿಳುಚದೆ ನೀನು ಬಿಳುಚ್ತೀಯಾ?" ಹದ್ದಾ ಒಲೆಯ ಮುಂದಿನಿಂದ ಏಳಲಿಲ್ಲ. "ಮೆಂತ್ಯ ಹಾಕಿದ ಕೋಳಿಸಾರು ಇಳೀಲಿ, ಎರಡು ಬಟ್ಟಲು ಕುಡಿದರೆ ದಾಳಿಂಬೆ ಆಗ್ತಾಳೆ. ಕೆಟ್ಟ ರಕ್ತ, ಹೋಗ್ಲಿ ಬಿಡು."

"ಎಷ್ಟು ಹೋಗ್ತಿದೆ ಅಂತ ಗೊತ್ತಾಗೋದು ಹೇಗೆ?"

"ಗೊತ್ತಾಗಬಾರದು ಅಂತಲೇ ಕರಿ ಬಟ್ಟೆ ಕಣೇ!"

ಇಟ್ಟೊ ಚಪ್ಪಲಿ ಮೆಟ್ಟಿ ಹೊರಟಳು.

ಊರಿಗೆಲ್ಲ ಇದ್ದದ್ದು ಅಲ್ಲಾಲನ ಒಂದೇ ಅಂಗಡಿ. ಅದರ ಬಾಗಿಲಲ್ಲಿ ಗಂಡಸರು ಪುದೀನ ಚಹಾ ಹೀರುತ್ತ, ಚೆರ್ರಿಯ ಬೆಲೆಗೆ ಬೈಯುತ್ತ ಕೂತಿದ್ದರು. ಇಟ್ಟೊ ಸೋಪು ಕೇಳಿದಳು. ಬೆಂಕಿಪೊಟ್ಟಣ ಕೇಳಿದಳು. ಬೇಡದ ಉಪ್ಪನ್ನೂ ಕೇಳಿದಳು.

"ಇನ್ನೇನವ್ವಾ, ಅಂಗಡೀನೇ ಕಟ್ಟಿಕೊಡಲಾ?" ಎಂದ ಅಲ್ಲಾಲ.

"ಪ್ಯಾಡು," ಎಂದಳು ಇಟ್ಟೊ, ಉಪ್ಪಿನ ಪೊಟ್ಟಣ ನೋಡುತ್ತ.

ಅವನೂ ಅತ್ತ ಮುಖ ಮಾಡಿಕೊಂಡೇ, ಗುಲಾಬಿ ಬಣ್ಣದ ಒಂದು ಪೊಟ್ಟಣವನ್ನು ಪೇಪರಿನಲ್ಲಿ ಸುತ್ತತೊಡಗಿದ. ಎಲೆಯಷ್ಟು ತೆಳ್ಳಗಿನದು, ಮೇಲೆ ಮಲ್ಲಿಗೆಯ ವಾಸನೆ ಬೇರೆ. ಅದನ್ನು ಒಯ್ದರೆ ಏನು ಪ್ರಯೋಜನ? ಇಟ್ಟೊಳ ಕಿವಿ ಬಿಸಿಯಾಯಿತು.

"ಅದಲ್ಲ. ಬಾಣಂತಿಗೆ ಬೇಕು. ದಪ್ಪದ್ದು, ಉದ್ದದ್ದು, ವಾಸನೆ ಇಲ್ಲದ್ದು. ಬಿಳೀದು."

ಚಹಾ ಹೀರುವ ಸದ್ದು ನಿಂತಿತು.

"ಬಣ್ಣ ಬೇರೆ ಆರಿಸ್ತಾಳಲ್ಲಪ್ಪಾ! ಪರದೆ ಹೊಲಿಸ್ತಾಳೇನೋ," ಎಂದನೊಬ್ಬ.

"ನಿನ್ನ ಹೆತ್ತಾಗ ನಿಮ್ಮವ್ವನಿಗೂ ಬೇಕಾಗಿತ್ತು ಮಾವಾ. ಹೋಗಿ ಕೇಳು, ಹೇಳ್ತಾಳೆ."

ಉಳಿದವರು ತೊಡೆ ತಟ್ಟಿಕೊಂಡು ನಕ್ಕರು. ಅಲ್ಲಾಲ ಮೇಲಿನ ಹಲಗೆಯಿಂದ ದೊಡ್ಡ ಪೊಟ್ಟಣ ಇಳಿಸಿ ಧೂಳು ಕೊಡವಿದ. ಅವನು ಕರಿ ಚೀಲ ಹುಡುಕುವಷ್ಟರಲ್ಲಿ ಇಟ್ಟೊ ಪೊಟ್ಟಣ ಕಂಕುಳಲ್ಲಿ ಇಟ್ಟುಕೊಂಡು ಓಡಿದ್ದಳು.

ಕೈ ತೊಳೆದು, ಅತ್ತಿಗೆಗೆ ಪ್ಯಾಡು ಅಂಟಿಸಿಕೊಟ್ಟಳು. "ಕೂಸಿನ ಹಾಸಿಗೆಯಷ್ಟು ದೊಡ್ಡದಿದೆಯಲ್ಲೇ," ಎಂದು ತಮೂ ಸಣ್ಣಗೆ ನಕ್ಕಳು. ಮಗುವಿಗೆ ಹಾಲೂಡಿಸಿ ಮಲಗಿಸಿದಳು. ಒಲೆಯ ಮೇಲೆ ಕೋಳಿ ಇನ್ನೂ ಬೆಂದಿರಲಿಲ್ಲ, ಗಂಟೆಯೂ ಆಗಿರಲಿಲ್ಲ, ಅಷ್ಟರಲ್ಲೇ "ಇಟ್ಟೊ, ಒದ್ದೆ," ಎಂದಳು.

ಇಟ್ಟೊ ನೋಡಿದಳು. ಈ ತುದಿಯಿಂದ ಆ ತುದಿಯವರೆಗೆ ಕೆಂಪು. ನಡುವೆ ನಿಂಬೆಹಣ್ಣಿನಂಥ ಗಡ್ಡೆ. ಅವಳು ಅದನ್ನು ಒಲೆಯ ಹತ್ತಿರ ತಂದು ಅವ್ವನ ಮುಂದೆ ಹಿಡಿದಳು.

ಹದ್ದಾ ಮುಖ ತಿರುಗಿಸಹೋದವಳು ತಿರುಗಿಸಲಿಲ್ಲ. ಸೌಟು ಕೆಳಗಿಟ್ಟಳು.

"ನಮ್ಮತ್ತೆ ನನ್ನ ಬಟ್ಟೆಗಳನ್ನ ಹಗ್ಗದ ಮೇಲೆ ಎಣಿಸ್ತಿದ್ದಳು," ಎಂದಳು. "ಅಕ್ಕಪಕ್ಕದವರನ್ನ ಕರೆದು ಕಲೆ ತೋರಿಸ್ತಿದ್ದಳು. ನನ್ನ ಸೊಸೆಗೆ ಆ ಗತಿ ಬೇಡ ಅಂತ ಕರೀದು ಹೊಲಿದೆ ಕಣೇ, ಬೇರೆ ಏನಕ್ಕೂ ಅಲ್ಲ." ಆಮೇಲೆ ಎದ್ದೇಬಿಟ್ಟಳು. "ನಿಂತು ನೋಡ್ತೀಯಲ್ಲ, ಕತ್ತೆ! ಚೆರ್ರಿ ವ್ಯಾನು ಹೊರಡೋಕೆ ಮುಂಚೆ ಓಡು!"

ಹಣ್ಣಿನ ಬುಟ್ಟಿಗಳನ್ನು ಇಳಿಸಿ, ತಮೂಳನ್ನು ಮಲಗಿಸಿಕೊಂಡು, ಮಗುವನ್ನೆತ್ತಿಕೊಂಡ ಇಟ್ಟೊಳನ್ನೂ ಕೂರಿಸಿಕೊಂಡು ವ್ಯಾನು ಬೆಟ್ಟ ಇಳಿಯಿತು. ಹದ್ದಾ ದಾರಿಯುದ್ದಕ್ಕೂ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಕಣ್ಣು ಮುಚ್ಚಬೇಡ ಮಗಳೇ, ಮಾತಾಡು, ನನ್ನ ಬೈಯಾದರೂ ಬೈ," ಎನ್ನುತ್ತಿದ್ದಳು.

"ಆಮೇಲೆ ಬೈತೀನಿ ಅತ್ತೆ, ಈಗ ಶಕ್ತಿ ಇಲ್ಲ," ಎಂದಳು ತಮೂ.

ಬಹೀಜಾ ಪ್ಯಾಡು ನೋಡಿದ್ದೇ ಡಾಕ್ಟರನ್ನು ಕೂಗಿದಳು. ಕೂಸಿನ ಹಿಂದೆಯೇ ಬೀಳಬೇಕಾದ ಕಸದ ಚೂರೊಂದು ಗರ್ಭದೊಳಗೆ ಉಳಿದಿತ್ತು. ಅದನ್ನು ತೆಗೆದರು, ಸೂಜಿ ಚುಚ್ಚಿದರು, ರಕ್ತ ಏರಿಸಿದರು. "ತಲೆ ಸುತ್ತಿದಾಗಲೇ ಬರಬೇಕಿತ್ತು," ಎಂದು ಬಹೀಜಾ ಗದರಿದಳು. "ತಡ ಮಾಡಿದ್ದರೆ?" ಹದ್ದಾ ಮೊಮ್ಮಗಳನ್ನು ಎದೆಗೊತ್ತಿಕೊಂಡಳು.

ತಮೂಗೆ ಹೊಸ ಪ್ಯಾಡು ಇಟ್ಟರು. ಇಟ್ಟೊ ಮಂಚದ ಪಕ್ಕ ಕೂತು ಕಾದಳು. ಸಂಜೆ ನಮಾಜಿನ ಕರೆ ಮುಗಿದ ಮೇಲೆ ಬಹೀಜಾ ಬಂದು, "ನೋಡೋಳು ನೀನು ತಾನೇ? ನೋಡು," ಎಂದಳು.

ಇಟ್ಟೊ ಬೆಳಕಿಗೆ ಹಿಡಿದು ನೋಡಿದಳು. ನಡುವೆ ಅಂಗೈಯಷ್ಟಗಲದ ಕಲೆ, ಸುತ್ತ ಎಲ್ಲ ಬಿಳಿ.

"ಕಮ್ಮಿ ಆಗಿದೆ," ಎಂದಳು.