ಅಮ್ಮ ಹೊಲಿದ ಗ್ಲೌಸು

ಆಟ ಮುಗಿಯಿತೆಂದು ರೆಫರಿ ಸೀಟಿ ಊದಿದಾಗ ಎರಡೂ ಕಡೆ ಒಂದೊಂದು ಗೋಲು. ನಾವು ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸೋತಾಗ ಏನು ಮಾಡಬೇಕು ಅನ್ನುವುದು ನಮಗೆ ಬಾಯಿಪಾಠ. ತಲೆ ತಗ್ಗಿಸಬಾರದು, ಎದುರಿನವರ ಕೈ ಕುಲುಕಬೇಕು, ಜೆರ್ಸಿ ಅದಲುಬದಲು ಮಾಡಿಕೊಳ್ಳಬೇಕು, ಅಳುವುದಿದ್ದರೆ ಬಸ್ಸು ಹತ್ತಿದ ಮೇಲೆ ಅಳಬೇಕು. ಸೋಲದೆ ಇದ್ದಾಗ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ದೇಶಕ್ಕೆ ಹೆಂಗಸರ ಫುಟ್‌ಬಾಲ್ ತಂಡ ಅಂತ ಒಂದು ಹುಟ್ಟಿದಾಗಿನಿಂದ, ಹೊರದೇಶದವರ ಎದುರು ಒಂದೇ ಒಂದು ಆಟವನ್ನೂ ಸೋಲದೆ ಮುಗಿಸಿರಲಿಲ್ಲ.

ನಾನು ಗೋಲ್‌ಕೀಪರು. ಅಂದರೆ ಆ ಸೋಲುಗಳೆಲ್ಲ ನನ್ನ ಕೈ ದಾಟಿಕೊಂಡೇ ಹೋದವು.

ಈ ಟೂರ್ನಿಗೆ ಹೊರಡುವ ದಿನ ನಮ್ಮ ಫುಟ್‌ಬಾಲ್ ಸಂಘದ ಸೆಕ್ರೆಟರಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡಿದ್ದರು. ಅವರು ಮೊದಲು ಈಜುಗಾರರ ಸಂಘದಲ್ಲಿದ್ದವರು. ಫುಟ್‌ಬಾಲಿನ ಬಗ್ಗೆ ಅವರಿಗೆ ಖಚಿತವಾಗಿ ಗೊತ್ತಿದ್ದದ್ದು ಚೆಂಡು ದುಂಡಗಿರುತ್ತದೆ ಎಂಬುದು.

"ನೋಡ್ರಮ್ಮಾ, ನಾನೇನು ಕೆಟ್ಟವನಲ್ಲ. ಆದ್ರೆ ಮೇಲಿನವರಿಗೆ ನಾನು ಉತ್ತರ ಹೇಳ್ಬೇಕು. ಇನ್ನೊಂದು ಸಲ ಸೋತು ಬಂದ್ರೆ ತಂಡಕ್ಕೆ ಬೀಗ. ಅಷ್ಟೇ."

ಬೀಗ ಬಿದ್ದರೆ ಉಳಿದವರು ಏನಾಗುತ್ತಿದ್ದರೋ, ನನ್ನದಂತೂ ಗೊತ್ತಿತ್ತು. ಸಂದಿಯಲ್ಲಿರುವ ಅಮ್ಮನ ಹೊಲಿಗೆ ಅಂಗಡಿಯ ಹಿಂದಿನ ಮೂಲೆಯಲ್ಲಿ, ಕಿಟಕಿಯಿಲ್ಲದ ಕಡೆ ನನಗೊಂದು ಸ್ಟೂಲು ಇದೆ. ಅಲ್ಲಿ ಕೂತು ಗುಂಡಿ ಹಾಕುವುದು, ಪ್ಯಾಂಟಿನ ಅಂಚು ಮಡಚುವುದು ನನ್ನ ಕೆಲಸ. ಅದರ ಮೇಲೆ ನನಗೆ ಸಿಟ್ಟೇನಿಲ್ಲ. ಆದರೆ ಸಂಜೆ ಮೈದಾನಕ್ಕೆ ಹೋಗುವುದಿದೆ ಎಂಬ ಒಂದೇ ಆಸೆಯಲ್ಲಿ ನಾನು ಬೆಳಗಿನಿಂದ ಆ ಸ್ಟೂಲಿನ ಮೇಲೆ ಕೂರುತ್ತಿದ್ದೆ.

ನನ್ನ ಗ್ಲೌಸಿನ ಅಂಗೈ ಸವೆದು ತೂತಾದಾಗ ಅಮ್ಮ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ, ಬ್ಯಾಗು ಹೊಲಿಯುವ ದಪ್ಪ ಮಿಷನ್ನಿನಲ್ಲಿ ತೇಪೆ ಹಾಕಿಕೊಟ್ಟಿದ್ದಳು. ನೋಡಲು ಮಂಗನ ಕೈಯಂತೆ ಕಾಣುತ್ತಿತ್ತು ನಿಜ. ಅಮ್ಮ ನನ್ನ ಆಟ ಯಾವತ್ತೂ ನೋಡಿದವಳಲ್ಲ. ಮಗಳ ಮುಖಕ್ಕೆ ಜನ ಚೆಂಡು ಹೊಡೆಯುವುದನ್ನು ಯಾವ ತಾಯಿ ನೋಡುತ್ತಾಳೆ ಎನ್ನುವುದು ಅವಳ ವಾದ. ಆಟ ಮುಗಿಸಿ ಫೋನು ಮಾಡಿದರೆ ಎರಡೇ ಪ್ರಶ್ನೆ. "ಎಷ್ಟಕ್ಕೆ ಸೋತ್ರಿ?" ಆಮೇಲೆ, "ಗ್ಲೌಸು ಹಿಡೀತಾ?" ನಾನು ಪ್ರತಿಸಲವೂ ಹಿಡಿಯಿತು ಅನ್ನುತ್ತಿದ್ದೆ. ಹಿಡಿದಿದ್ದರೆ ಅಷ್ಟೊಂದು ಗೋಲು ಹೇಗಾಯಿತೆಂದು ಅವಳು ಕೇಳುತ್ತಿರಲಿಲ್ಲ.

ಆ ದಿನ ನಾವು ಗೋಲು ಹೊಡೆದದ್ದಾದರೂ ಹೇಗೆ? ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು 'ಇರುವೆ'. ಅವಳು ಎದುರಿನವರ ಗೋಲಿನ ಮುಂದೆ ಬೂಟಿನ ದಾರ ಕಟ್ಟಿಕೊಳ್ಳುತ್ತ ಬಗ್ಗಿದ್ದಳು. ಅವರ ಹುಡುಗಿಯೊಬ್ಬಳು ದೂರ ಹೊಡೆಯಲು ಹೋದ ಚೆಂಡು ಇರುವೆಯ ಬೆನ್ನಿಗೆ ಬಡಿದು ಒಳಗೆ ಹೋಯಿತು. ಪೆಟ್ಟು ಬಿದ್ದ ಸಿಟ್ಟಿಗೆ ಅವಳು ಜಗಳವಾಡಲು ತಿರುಗಿದರೆ ನಾವೆಲ್ಲ ಅವಳ ಮೇಲೆ ಬಿದ್ದಿದ್ದೆವು. "ಏನಾಯ್ತೇ? ಯಾಕ್ರೇ ಹೊಡೀತಿದೀರಾ?" ಅಂತ ಅವಳು ಕೆಳಗಿನಿಂದ ಕೂಗುತ್ತಿದ್ದಳು.

ಇರಲಿ. ಕೊನೆಯ ಸೀಟಿಯ ನಂತರ ಮೊದಲು ಬಾಯಿಬಿಟ್ಟವಳು ನಮ್ಮ ಕ್ಯಾಪ್ಟನ್. ಅವಳನ್ನು ನಾವು ದೊಡ್ಡಕ್ಕ ಅನ್ನುತ್ತೇವೆ. "ಅಯ್ಯೋ, ಸೋತಿಲ್ಲ ಕಣ್ರೇ ನಾವು!" ಅಂದಳು. ಅಷ್ಟು ಸಾಕಾಯಿತು. ನಮಗೆ ಆಕಾಶ ಮೂರೇ ಗೇಣು. ಇರುವೆ ಲಾಗ ಹಾಕಿದಳು. ಇಬ್ಬರು ಬೂಟು ಬಿಚ್ಚಿ ಎಸೆದರು. ಅಭ್ಯಾಸಬಲ, ಎಲ್ಲರೂ ಎದುರಿನವರ ಹತ್ತಿರ ಓಡಿ ಜೆರ್ಸಿ ಹಿಡಿದು ಎಳೆಯತೊಡಗಿದರು. ಸೋಲಿನಿಂದ ನಾವು ಮನೆಗೆ ಒಯ್ಯುತ್ತಿದ್ದದ್ದು ಆ ಜೆರ್ಸಿಗಳನ್ನು ಮಾತ್ರ. ಹಾಗಾಗಿ ಆ ವಿಷಯದಲ್ಲಿ ನಮ್ಮವರ ಕೈ ಬಹಳ ಚುರುಕು.

ಎದುರಿನವರು ಕಕ್ಕಾಬಿಕ್ಕಿಯಾದರು. ಈಗ ಯೋಚಿಸಿದರೆ ಅವರ ಮುಖದಲ್ಲಿದ್ದದ್ದು ಅರ್ಥವಾಗುತ್ತದೆ. ಇದು ಇವರ ದೇಶದ ಪದ್ಧತಿಯೇನೋ, ಇಲ್ಲ ಅಂದರೆ ತಪ್ಪಾದೀತು ಅಂದುಕೊಂಡು ಪಾಪ, ಬಿಚ್ಚಿ ಕೊಟ್ಟರು. ಅವರ ಗೋಲ್‌ಕೀಪರು ನನಗಿಂತ ಒಂದು ಮೊಳ ಉದ್ದ. ನಾನು ಎಂದೂ ಯಾರಿಗೂ ಕೊಡದ ಗ್ಲೌಸನ್ನು ಖುಷಿಯ ಭರದಲ್ಲಿ ಬಿಚ್ಚಿ ಅವಳ ಕೈಗಿಟ್ಟೆ. ಅವಳು ತನ್ನ ಹೊಸ ಗ್ಲೌಸು ನನಗೆ ಕೊಟ್ಟಳು. ಅಮ್ಮನ ತೇಪೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಹುಬ್ಬೇರಿಸಿ ಹಾಕಿಕೊಂಡಳು.

ಆಗ ರೆಫರಿ ಮತ್ತೆ ಸೀಟಿ ಊದಿದಳು. ಊದುತ್ತಲೇ ಇದ್ದಳು.

ನಮ್ಮ ಕೋಚು ಶಾಲೆಯೊಂದರ ಡ್ರಿಲ್ ಟೀಚರು. ಅವರು ಗೆರೆಯ ಆಚೆಯಿಂದ ಎರಡೂ ಕೈ ತಲೆ ಮೇಲಿಟ್ಟುಕೊಂಡು ಓಡಿ ಬಂದರು. "ಹಾಕ್ಕೊಳ್ರೇ! ಅವರವರ ಜೆರ್ಸಿ ಅವರವರು ಹಾಕ್ಕೊಳ್ಳಿ! ಮುಗಿದಿಲ್ಲ ಇನ್ನೂ!"

"ಮುಗೀತಲ್ಲ ಟೀಚರ್, ಸೀಟಿ ಆಯ್ತಲ್ಲ," ಅಂದಳು ಇರುವೆ. ಅವಳ ಮೈಮೇಲಿದ್ದ ಪರದೇಶದ ಜೆರ್ಸಿ ಮೊಣಕಾಲಿಗೆ ಬರುತ್ತಿತ್ತು.

"ಸಮ ಆದ್ರೆ ಪೆನಾಲ್ಟಿ ಕಣೇ! ಮುಂದಿನ ಸುತ್ತಿಗೆ ಒಬ್ಬರೇ ತಾನೇ ಹೋಗೋದು? ಮೀಟಿಂಗಲ್ಲಿ ಹೇಳಿದ್ರಲ್ಲ!"

ಹೇಳಿದ್ದರು. ಸಮವಾದರೆ ಎಂದು ಟೂರ್ನಿಯವರು ಶುರುಮಾಡಿದಾಗ, ಅದು ನಮ್ಮಂಥವರಿಗೆ ಸಂಬಂಧಿಸಿದ್ದಲ್ಲವೆಂದು ನಾವೆಲ್ಲ ಕೇಳುವುದನ್ನು ನಿಲ್ಲಿಸಿದ್ದೆವು. ಟೀಚರು ಕೂಡ ನಿಲ್ಲಿಸಿದ್ದರೆಂದು ಕಾಣುತ್ತದೆ. ಸಾಲಾಗಿ ನಿಂತು ಪೆನಾಲ್ಟಿ ಹೊಡೆಯುವುದನ್ನು ಅವರು ನಮಗೆ ಒಂದು ದಿನವೂ ಅಭ್ಯಾಸ ಮಾಡಿಸಿರಲಿಲ್ಲ.

ಗಲಿಬಿಲಿಯಲ್ಲಿ ಜೆರ್ಸಿಗಳೇನೋ ವಾಪಸ್ಸಾದವು. ಬೂಟು ಹುಡುಕುವುದೇ ಒಂದು ಪಾಡಾಯಿತು. ನಾನು ಉದ್ದನೆಯವಳನ್ನು ನೋಡಿದರೆ ಅವಳಾಗಲೇ ಗೋಲಿನ ಕಡೆ ಹೊರಟಿದ್ದಳು. ನಾನು ಗ್ಲೌಸು ತೋರಿಸಿ ಕೂಗಿದೆ. ಅವಳು ಅಮ್ಮನ ತೇಪೆ ಎತ್ತಿ ತೋರಿಸಿ, ಚೆನ್ನಾಗಿದೆ ಅನ್ನುವಂತೆ ನಕ್ಕಳು. ನಾನೂ ನಕ್ಕೆ. ನಗದೆ ಏನು ಮಾಡಲಿ?

ಅವರ ಕಡೆಯಿಂದ ಐದು ಹೊಡೆತ, ನಮ್ಮ ಕಡೆಯಿಂದ ಐದು. ಅವಳ ಗ್ಲೌಸಿನ ಬೆರಳುಗಳು ನನಗೆ ಉದ್ದವಾಗಿ ತುದಿಯಲ್ಲಿ ಜೋತಾಡುತ್ತಿದ್ದವು. ನಾನು ಒಂದನ್ನೂ ತಡೆಯಲಿಲ್ಲ. ಅವರ ಒಬ್ಬಳು ತಾನಾಗಿಯೇ ಆಕಾಶಕ್ಕೆ ಹೊಡೆದಳು. ನಮ್ಮ ದೊಡ್ಡಕ್ಕ ಕಂಬಕ್ಕೆ ಹೊಡೆದಳು. ಮಿಕ್ಕವೆಲ್ಲ ಒಳಗೆ. ಕೊನೆಗೆ ನಮ್ಮದೊಂದು ಉಳಿಯಿತು. ಹೊಡೆದರೆ ಸಮ, ತಪ್ಪಿದರೆ ಮುಗಿಯಿತು.

"ಐದನೆಯದು ಯಾರೇ?" ಅಂದರು ಟೀಚರು. ಒಬ್ಬಳು ಕಾಲು ಹಿಡಿದುಕೊಂಡಳು. ಒಬ್ಬಳು ನೀರು ಕುಡಿಯಲು ಹೋದಳು. ಇರುವೆ ಮತ್ತೆ ದಾರ ಕಟ್ಟಲು ಕೂತಳು.

"ನಾನು ಹೊಡೀತೀನಿ," ಅಂತ ಯಾರೋ ಹೇಳಿದರು. ನೋಡಿದರೆ ನಾನೇ.

ಚೆಂಡಿನ ಹಿಂದೆ ನಿಂತಾಗ ನನಗೆ ತೀರಾ ಭಯವಾಯಿತು, ಸುಳ್ಳು ಹೇಳುವುದಿಲ್ಲ. ಹುಟ್ಟಿದಾಗಿನಿಂದ ಗೋಲಿನ ಒಳಗಿನಿಂದ ಹೊರಗೆ ನೋಡಿದವಳು ನಾನು. ಹೊರಗಿನಿಂದ ಒಳಗೆ ನೋಡಿದರೆ ಆ ಬಾಯಿ ಇಷ್ಟೇ ಇಷ್ಟಿತ್ತು. ಅದರ ನಡುವೆ ಅಮ್ಮನ ಗ್ಲೌಸು. ಕಣ್ಣುಮುಚ್ಚಿ ಬಲವಾಗಿ ಒದ್ದೆ. ಚೆಂಡು ಬಲಮೂಲೆಗೆ ಹೋಯಿತು, ಒಳ್ಳೆಯ ಹೊಡೆತವೇ. ಉದ್ದನೆಯವಳು ಹಾರಿ ಒಂದೇ ಕೈ ಚಾಚಿದಳು. ಬೇರೆ ಗ್ಲೌಸಾಗಿದ್ದರೆ ಸವರಿಕೊಂಡು ಒಳಗೆ ಹೋಗುತ್ತಿತ್ತು. ಸೈಕಲ್ ಟ್ಯೂಬಿಗೆ ಚೆಂಡು ಅಂಟಿದಂತೆ ನಿಂತುಬಿಟ್ಟಿತು. ಕೊಡಲಿ ಕಾವು ಕುಲಕ್ಕೆ ಸಾವು ಅನ್ನುತ್ತಾರಲ್ಲ, ಅದು ಗ್ಲೌಸಿಗೂ ಅನ್ವಯಿಸುತ್ತದೆಂದು ನನಗೆ ಗೊತ್ತಿರಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ಅಳುವನ್ನು ಬಸ್ಸಿಗೆಂದು ಎತ್ತಿಟ್ಟುಕೊಂಡು ಬೂಟು ಬಿಚ್ಚುತ್ತಿದ್ದೆವು. ಸೆಕ್ರೆಟರಿ ಬಾಗಿಲಲ್ಲಿ ಬಂದು ನಿಂತರು. ಮುಖ ಸಪ್ಪಗಿತ್ತು. ಆ ಮನುಷ್ಯನಿಗೂ ಇದು ಇಷ್ಟವಿರಲಿಲ್ಲ ಅನ್ನಿಸಿತು.

"ಹೋಗ್ಲಿ ಬಿಡ್ರಮ್ಮಾ," ಅಂದರು. "ಸೋಲು ಸೋಲೇ. ನಾನು ಮೊದ್ಲೇ ಹೇಳಿದ್ದೆ."

ಅಷ್ಟರಲ್ಲಿ ರೆಫರಿ ಆ ದಾರಿಯಲ್ಲೇ ಹೋಗುತ್ತಿದ್ದಳು. ಅವಳ ಭಾಷೆ ನಮ್ಮ ಟೀಚರಿಗೆ ಅಲ್ಪಸ್ವಲ್ಪ ಬರುತ್ತಿತ್ತು. ಅವಳು ಸಮಾಧಾನದ ಮಾತು ಏನೋ ಹೇಳಿದಳು. ಟೀಚರು ಇನ್ನೊಮ್ಮೆ ಹೇಳಿಸಿದರು. ಮತ್ತೂ ಒಮ್ಮೆ ಹೇಳಿಸಿದರು.

"ಸರ್, ಇದು ಸೋಲಲ್ವಂತೆ," ಅಂದರು.

"ಅಂದ್ರೆ? ಗೆದ್ರಾ?"

"ಗೆಲುವೂ ಅಲ್ಲ. ಪೆನಾಲ್ಟಿ ಬರೀ ಮುಂದೆ ಯಾರು ಹೋಗ್ಬೇಕು ಅಂತ ನೋಡೋಕಂತೆ. ಆಟದ ಲೆಕ್ಕ ಸಮಾನೇ ಅಂತೆ."

"ಹಾಗಾದ್ರೆ ಅವರು ಯಾಕೆ ಕುಣೀತಿದಾರೆ? ಇವರು ಯಾಕೆ ಅಳೋ ಹಾಗಿದಾರೆ?"

ಸೆಕ್ರೆಟರಿ ಟೀಚರ ಮೂಲಕ ರೆಫರಿಯನ್ನೇ ಕೇಳಿದರು, ನಾವು ಮನೆಗೆ ಹೋಗಬೇಕೋ ಬೇಡವೋ ಎಂದು. ಹೋಗಬೇಕು ಅಂದಳು. ಸೋತೆವೋ ಎಂದರೆ ಇಲ್ಲ ಅಂದಳು. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಈ ಮಾತು ಕೇಳಿ ಅವರು ಬೆಂಚಿನ ಮೇಲೆ ಕೂತರು. ಬೆವರು ಒರೆಸಿಕೊಂಡರು.

"ಈಜಲ್ಲಿ ಇಂಥದ್ದೆಲ್ಲ ಇಲ್ಲಪ್ಪ," ಅಂದರು. "ನಾನು ಹೇಳಿದ್ದು ಸೋತ್ರೆ ಬೀಗ ಅಂತ. ಸೋಲಲ್ಲ ಅಂದ್ಮೇಲೆ ಹೇಗೆ ಹಾಕೋದು? ಬರಲ್ಲ. ಮುಂದಿನ ವಾರದಿಂದ ಪೆನಾಲ್ಟಿನಾದ್ರೂ ಕಲೀರಮ್ಮಾ."

ನಾವು ಕೂಗಬೇಕಿತ್ತು. ಕೂಗಬಹುದೋ ಇಲ್ಲವೋ ತಿಳಿಯದೆ ಎಲ್ಲರೂ ಟೀಚರ ಮುಖ ನೋಡಿದೆವು. ಇನ್ನೂ ಏನಾದರೂ ಬಾಕಿ ಇದ್ದರೆ?

ಹೊರಗಿನ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನು ಮಾಡಿದೆ. ಹಿಂದೆ ಮಿಷನ್ನಿನ ಸದ್ದು ಕೇಳುತ್ತಿತ್ತು.

"ಎಷ್ಟಕ್ಕೆ ಸೋತ್ರಿ?"

"ಸೋತಿಲ್ಲಮ್ಮ."

ಮಿಷನ್ನು ನಿಂತಿತು. "ಗೆದ್ರಾ?"

"ಗೆದ್ದೂ ಇಲ್ಲ. ನಾಡಿದ್ದು ಮನೆಗೆ ಬರ್ತಿದೀವಿ. ತಂಡ ಇರುತ್ತೆ. ಅದರ ಮೇಲೆ ನನ್ನ ಏನೂ ಕೇಳ್ಬೇಡ, ನಂಗೇ ಗೊತ್ತಿಲ್ಲ."

"ಸರಿ ಬಿಡು. ಗ್ಲೌಸು ಹಿಡೀತಾ?"

"ಹಿಡೀತಮ್ಮ. ಈ ಸಲ ನಿಜವಾಗ್ಲೂ ಹಿಡೀತು."

"ಯಾರು ಹೊಡೆದಿದ್ದು?"

"ನಾನು."

ಎಲ್ಲವನ್ನೂ ಹೇಳಿದೆ. ಜೆರ್ಸಿ, ಸೀಟಿ, ಬಲಮೂಲೆ. ಉದ್ದನೆಯವಳು ಆಮೇಲೆ ಗ್ಲೌಸನ್ನು ಎದೆಗೊತ್ತಿಕೊಂಡು, ಇಟ್ಟುಕೊಳ್ಳಲಾ ಎಂದು ಕೈಸನ್ನೆಯಲ್ಲಿ ಕೇಳಿದ್ದನ್ನೂ, ನಾನು ಹೂಂ ಎಂದು ತಲೆಯಾಡಿಸಿದ್ದನ್ನೂ ಹೇಳಿದೆ. ಅಮ್ಮ ಬೈಯುತ್ತಾಳೆಂದು ಕಾದೆ. ಮಿಷನ್ನು ಮತ್ತೆ ಸದ್ದು ಮಾಡಿತು.

"ಎಡಗೈ ಹೆಬ್ಬೆರಳ ಹತ್ರ ಒಂದು ಹೊಲಿಗೆ ಸಡಿಲ ಇತ್ತು," ಅಂದಳು ಕೊನೆಗೆ. "ಅವಳಿಗೆ ಹೇಳ್ಬೇಕಿತ್ತು ನೀನು. ಪಾಪ, ಮುಂದಿನ ಆಟ ಇದೆಯಲ್ಲ ಅವಳಿಗೆ."

ಬಸ್ಸು ಇನ್ನೂ ಬಂದಿರಲಿಲ್ಲ. ಆದರೂ ನನಗೆ ತಡೆಯಲಾಗಲಿಲ್ಲ, ಅಲ್ಲೇ ಕೂತು ಅತ್ತುಬಿಟ್ಟೆ.