ಫ್ಲಾಪಿಗೆ ಇಟ್ಟ ಪ್ರಸ್ಥಾನ

ಇಂಟರ್‌ನೆಟ್ಟು ಫೋನಿನ ತಂತಿಯಲ್ಲಿ ಕಿರುಗುಟ್ಟುತ್ತಾ ಬರುತ್ತಿದ್ದ ಕಾಲ. ಟಿನ್ ಫ್ಯಾಕ್ಟರಿ ಬಳಿಯ ಕಾಲೋನಿಯಲ್ಲಿ ಅನಂತರಾಮು ಎಂಬ ದೈವಭಕ್ತರಿದ್ದರು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರು ಹಿಡಿದ ವ್ರತ ಮಾತ್ರ ಯಾವ ಪಂಚಾಂಗದಲ್ಲೂ ಇರಲಿಲ್ಲ. ಮಗಳು ಚಿನ್ಮಯಿ ಕಾಲೇಜಿಗೆಂದು ಕಂಪ್ಯೂಟರಿಗೆ ಹಾಕಿಕೊಂಡಿದ್ದ ಕಂಪೈಲರ್ ಒಂದಿತ್ತು. ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವಂಥದ್ದು, ಅರಳಿಕಟ್ಟೆಯ ಹಾಗೆ ಎಲ್ಲರ ಸ್ವತ್ತು. ಅದರ ಕೈಪಿಡಿಯನ್ನು ಯಾರು ಬೇಕಾದರೂ ತಿದ್ದಿ, ಅದನ್ನು ನೋಡಿಕೊಳ್ಳುವ ಅಮೆರಿಕದವರಿಗೆ ಕಳಿಸಬಹುದಿತ್ತು. ಕಂಪೈಲರ್ ಅನಂತರಾಮುಗೆ ಅರ್ಧಂಬರ್ಧ ಗೊತ್ತು. ಆದರೆ ಸ್ಪೆಲ್ಲಿಂಗ್ ತಪ್ಪಿದ ಪದ ಕಂಡರೆ ಅಕ್ಕಿಯಲ್ಲಿ ಕಲ್ಲು ಕಂಡ ಹಾಗೆ, ಆರಿಸದೆ ಕೈ ನಿಲ್ಲದು.

ಚಳಿಗಾಲವೆಲ್ಲ ಕೂತು ಆರಿಸಿದರು. ಹೊಸ ಆವೃತ್ತಿಗೆ ತಿದ್ದುಪಡಿ ಸೇರುವುದು ಒಂದು ಮಂಗಳವಾರ ನಮ್ಮ ಮಧ್ಯಾಹ್ನ ನಾಲ್ಕು ಗಂಟೆಯವರೆಗೆ ಮಾತ್ರ. ತಪ್ಪಿದರೆ ಮುಂದಿನ ವರ್ಷವೇ. ಇನ್ನೊಂದು ಪುಟ, ಇನ್ನೊಂದೇ ಪುಟ ಎನ್ನುತ್ತಾ ಮಧ್ಯಾಹ್ನ ಮಾಡಿಕೊಂಡರು. ಇನ್ನೇನು ಮೂರಾಗುತ್ತೆ ಎನ್ನುವಾಗ ಕಳಿಸಲು ಹೋದರೆ ಲೈನೇ ಇಲ್ಲ. ಮೂರರಿಂದ ನಾಲ್ಕೂವರೆ ರಾಹುಕಾಲ.

ಅಮೆರಿಕದಲ್ಲಿ ಇನ್ನೂ ಬೆಳಗಿನ ಜಾವ, ಅಲ್ಲಿಯ ರಾಹು ಹಲ್ಲೂ ಉಜ್ಜಿರಲ್ಲ ಎಂದಳು ಮಗಳು. ಹೊರಡೋದು ಇಲ್ಲಿಂದ ತಾನೆ ಎಂದು ಇವರು ಜಗ್ಗಲಿಲ್ಲ. ದಾರಿ ತೋರಿದವರು ಹೆಂಡತಿ ವೇದಾ. ಊರಿಗೆ ಹೊರಡುವವರು ಒಳ್ಳೆ ಗಳಿಗೆಯಲ್ಲಿ ಒಂದು ಗಂಟನ್ನು ಪಕ್ಕದ ಮನೆಯಲ್ಲಿಟ್ಟರೆ ಹೊರಟಂತೆಯೇ ಲೆಕ್ಕ. ಆಮೇಲೆ ಯಾವಾಗ ಹೋದರೂ ದೋಷವಿಲ್ಲ. ಅದೇ ಪ್ರಸ್ಥಾನ ಇಡುವುದು. ತಿದ್ದಿದ್ದನ್ನು ಫ್ಲಾಪಿಗೆ ಹಾಕಿ ಪಕ್ಕದ ಜಟ್ಟೆಮ್ಮನವರ ಮನೆಯಲ್ಲಿ ಇಟ್ಟು ಬನ್ನಿ ಎಂದರು.

"ವಾಪಸ್ ಮನೆಗೇ ತಂದ್ರೆ ಪ್ರಯಾಣ ಕೆಡಲ್ವೇನಮ್ಮಾ?" ಎಂದಳು ಚಿನ್ಮಯಿ.

"ಮರೆತ ಛತ್ರಿ ತಗೊಳ್ಳೋಕೆ ಬಂತು ಅನ್ಕೋ."

ಮೂರು ಬಡಿಯುವ ಮೊದಲೇ ಫ್ಲಾಪಿ ಗೋಡೆ ದಾಟಿತು. ಮೂರೂಮುಕ್ಕಾಲಿಗೆ ಲೈನು ಬಂತು. ಅನಂತರಾಮು ಪಂಚೆ ಎತ್ತಿಕಟ್ಟಿ ಓಡಿದರು. ಒಳ್ಳೆ ಗಳಿಗೆಯಲ್ಲಿ ಬಂದ ವಸ್ತುವೆಂದು ಜಟ್ಟೆಮ್ಮ ಅದನ್ನು ದೇವರ ಮುಂದಿಟ್ಟು, ಅದರ ತಗಡಿನ ಬಾಗಿಲು ಸರಿಸಿ, ಒಳಗೂ ಹೊರಗೂ ಕುಂಕುಮ ಹಚ್ಚಿ, ಮೇಲೆ ತೀರ್ಥ ಪ್ರೋಕ್ಷಿಸಿದ್ದರು. ಕಂಪ್ಯೂಟರು ಅದನ್ನು ಬಾಯಿಗೆ ಹಾಕಿಕೊಂಡು ಗರಗರ ಎಂದಿತು, ಓದಲಿಲ್ಲ.

ಅದೇ ಫೈಲು ಇಲ್ಲೂ ಇದೆ, ಕಳಿಸಲಾ ಎಂದು ಕೇಳಿದಳು ಚಿನ್ಮಯಿ. ಪ್ರಸ್ಥಾನ ಇಟ್ಟದ್ದು ಆ ಫ್ಲಾಪಿಗೆ, ಇದು ಮನೆಯಲ್ಲೇ ಕೂತ ಪ್ರತಿ. ಅನಂತರಾಮು ಗಡಿಯಾರ ನೋಡಿದರು, ದೇವರ ಗೂಡು ನೋಡಿದರು, ಒಂದು ಚಳಿಗಾಲ ಕಣ್ಣಮುಂದೆ ಬಂತು.

"ಅಣ್ಣ ಹೊರಟ, ದಾರೀಲಿ ಜ್ವರ ಬಂತು. ತಮ್ಮ ಹೋಗ್ಬರ್ಲಿ ಬಿಡ್ರೀ," ಎಂದರು ವೇದಾ.

ಅವರು ಕಣ್ಣು ಮುಚ್ಚಿ ಹೂಂ ಎಂದರು.

ತಿದ್ದಿದ್ದೆಲ್ಲ ಸೇರಿತೆಂದು ಮರುದಿನ ಉತ್ತರ ಬಂತು. ಏನಾಯಿತೆಂದು ಜಟ್ಟೆಮ್ಮ ಕಾಂಪೌಂಡಿನಾಚೆಯಿಂದ ವಿಚಾರಿಸಿದರು. ಒಂದಕ್ಷರದ ತಪ್ಪನ್ನೂ ಬಿಡದ ಅನಂತರಾಮು ಕೈಮುಗಿದರು.

"ನಿಮ್ಮನೆಯಿಂದ ಹೊರಟಿದ್ದಲ್ವಾ ತಾಯಿ, ಸುಖವಾಗಿ ತಲುಪ್ತು."

"ಬರೋ ಸಲ ಹಾಲಿನ ಅಭಿಷೇಕಾನೂ ಮಾಡ್ತೀನಿ ಸ್ವಾಮಿ," ಎಂದರು ಜಟ್ಟೆಮ್ಮ.